ಶುಗರ್ ಬಂದ ಮೇಲೆ ನಮ್ಮನೆ ತಿಂಡಿ, ಮುದ್ದೆ, ಬಸ್ಸಾರು: ನನ್ನ ಅನುಭವ

ನನಗೆ ಶುಗರ್ ಇದೆ ಅಂತ ಗೊತ್ತಾದಾಗ ಖಾಲಿ ಹೊಟ್ಟೆಯದ್ದು 168, ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಪರೀಕ್ಷೆ) 8.4 ಇತ್ತು. ಡಾಕ್ಟರು ಮೆಟ್‌ಫಾರ್ಮಿನ್ ಮಾತ್ರೆ ಬರೆದುಕೊಟ್ಟು, ಊಟ ಸ್ವಲ್ಪ ನೋಡಿಕೊಳ್ಳಿ ಅಮ್ಮ ಅಂದರು. ನೋಡಿಕೊಳ್ಳೋದು ಹೇಗೆ ಅನ್ನೋದನ್ನ ಅಡುಗೆಮನೆಯಲ್ಲಿ ನಾನೇ ಕಲಿತೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ತೀರ್ಮಾನ ಮಾಡಿದೆ. ನನಗೊಂದು ಅಡುಗೆ, ಮನೆಯವರಿಗೊಂದು ಅಡುಗೆ ಬೇಡ. ತುಮಕೂರಿನ ನಮ್ಮ ಮನೆಯಲ್ಲಿ ಅತ್ತೆ, ನಮ್ಮೆಜಮಾನ್ರು, ಇಬ್ಬರು ಮಕ್ಕಳು, ನಾನು. ಬೆಳಗ್ಗೆ ಎಲ್ಲರ ಡಬ್ಬಿ ಕಟ್ಟಿ ಕೆಲಸಕ್ಕೆ ಹೊರಡೋಳು ಎರಡೆರಡು ಅಡುಗೆ ಮಾಡೋದು ಆಗದ ಮಾತು. ಪಥ್ಯ ಅಂತ ಬೇರೆ ಪಾತ್ರೆಯಲ್ಲಿ ಬೇಯಿಸಿದ್ದನ್ನ ಯಾರೂ ಜಾಸ್ತಿ ದಿನ ತಿನ್ನೋದಿಲ್ಲ. ಮನೆಯ ಊಟವೇ ಬದಲಾದರೆ ಅದು ನಿಲ್ಲುತ್ತದೆ.

ಆಮೇಲೆ ಗ್ಲುಕೋಮೀಟರ್ ತಂದೆವು. ಸುಮ್ನೆ ಬೆಳಗ್ಗೆ ಒಂದು ಸಲ ಚುಚ್ಚಿ ನೋಡಿದರೆ ಯಾವ ಊಟದಿಂದ ಏನಾಯಿತು ಅಂತ ತಿಳಿಯೋದಿಲ್ಲ. ಹಾಗಾಗಿ ತಿನ್ನೋಕೆ ಮುಂಚೆ ಒಂದು ಸಲ, ಮೊದಲ ತುತ್ತು ಬಾಯಿಗಿಟ್ಟು ಎರಡು ಗಂಟೆಗೆ ಇನ್ನೊಂದು ಸಲ ನೋಡಿ, ಏನು ತಿಂದೆ, ಎಷ್ಟು ತಿಂದೆ ಅನ್ನೋದನ್ನೂ ಪಕ್ಕದಲ್ಲೇ ಬರೆದಿಡುತ್ತಾ ಬಂದೆ. ನನಗೆ ಡಾಕ್ಟರು ಹೇಳಿದ ಗುರಿ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟದ ಎರಡು ಗಂಟೆಗೆ 180ರ ಒಳಗೆ. ನಿಮ್ಮ ವಯಸ್ಸು, ಬೇರೆ ಕಾಯಿಲೆ ನೋಡಿ ನಿಮ್ಮ ಡಾಕ್ಟರು ಬೇರೆ ಹೇಳಬಹುದು.

ಬರೆದಿಟ್ಟ ಹಾಳೆಯಲ್ಲಿ ಎದ್ದು ಕಂಡಿದ್ದು ಬೆಳಗಿನ ತಿಂಡಿ. ನಾಲ್ಕು ಇಡ್ಲಿ, ಕಾಯಿ ಚಟ್ನಿ ತಿಂದ ದಿನ 230 ದಾಟಿತ್ತು. ಚಿತ್ರಾನ್ನ, ಅವಲಕ್ಕಿ, ಉಪ್ಪಿಟ್ಟು, ಎಲ್ಲದರದ್ದೂ ಹೆಚ್ಚುಕಡಿಮೆ ಅದೇ ಕತೆ. ಯೋಚನೆ ಮಾಡಿದರೆ ಸರಿಯಾಗೇ ಇದೆ, ನಮ್ಮ ತಿಂಡಿಯ ತಟ್ಟೆಯಲ್ಲಿ ಅಕ್ಕಿ ಇಲ್ಲಾ ರವೆ ಬಿಟ್ಟರೆ ಇನ್ನೇನಿರುತ್ತೆ ಹೇಳಿ? ಈಗ ಉಪ್ಪಿಟ್ಟಿಗೆ ರವೆ ಎಷ್ಟೋ ಅಷ್ಟೇ ಹುರುಳಿಕಾಯಿ, ಕ್ಯಾರೆಟ್, ಹಸಿ ಬಟಾಣಿ ಬೀಳುತ್ತದೆ. ವಾರದಲ್ಲಿ ಎರಡು ಮೂರು ದಿನ ಹೆಸರುಕಾಳು ನೆನೆಸಿ, ಶುಂಠಿ, ಹಸಿಮೆಣಸಿನಕಾಯಿ ಹಾಕಿ ರುಬ್ಬಿ ದೋಸೆ ಹುಯ್ಯುತ್ತೇನೆ. ಹುದುಗು ಬರಿಸೋ ಕೆಲಸವೂ ಇಲ್ಲ. ಇಡ್ಲಿ ಬಿಟ್ಟಿಲ್ಲ. ಎರಡೇ ಇಡ್ಲಿ, ತರಕಾರಿ ತುಂಬಿದ ಗಟ್ಟಿ ಸಾಂಬಾರು ಒಂದು ಬಟ್ಟಲು, ಜೊತೆಗೊಂದು ಬೇಯಿಸಿದ ಮೊಟ್ಟೆ. ಆವತ್ತು ಮೀಟರ್ 160ರ ಆಸುಪಾಸು ತೋರಿಸುತ್ತದೆ.

ಇನ್ನು ಮುದ್ದೆ. ಶುಗರ್ ಇದ್ದೋರು ಮುದ್ದೆ ಎಷ್ಟು ಬೇಕಾದ್ರೂ ತಿನ್ನಬಹುದು ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಇದನ್ನ ದಯವಿಟ್ಟು ನಂಬಬೇಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ (ಜೀರ್ಣವಾಗಿ ಸಕ್ಕರೆಯಾಗೋ ಅಂಶ) ಇರುತ್ತದೆ, ಅಕ್ಕಿಯಲ್ಲಿ ಸುಮಾರು 78. ಅಂಥಾ ದೊಡ್ಡ ವ್ಯತ್ಯಾಸವೇನಲ್ಲ. ರಾಗಿಯಲ್ಲಿ ನಾರು ಹೆಚ್ಚು, ನೂರು ಗ್ರಾಂಗೆ 11ರಷ್ಟು, ಕ್ಯಾಲ್ಸಿಯಂ ಅಂತೂ ಅಕ್ಕಿಗಿಂತ ಎಷ್ಟೋ ಪಾಲು ಜಾಸ್ತಿ. ಅದಕ್ಕೇ ರಾಗಿ ಒಳ್ಳೇದು. ಆದ್ರೆ ದೊಡ್ಡ ಮುದ್ದೆ ನುಂಗಿ, ಮೇಲೆ ಮತ್ತೆ ಅನ್ನ ಕಲಸಿಕೊಂಡರೆ ಶುಗರ್ ಏರದೆ ಏನು ಮಾಡುತ್ತೆ? ಬೆಲ್ಲ ಹಾಕಿದ ರಾಗಿ ಮಾಲ್ಟ್ ಅಂತೂ ನನಗೆ ಮುದ್ದೆಗಿಂತ ಬೇಗ ಏರಿಸಿತು. ನುಣ್ಣಗಿನ ಹಿಟ್ಟು, ಅದೂ ನೀರಾಗಿ ಕುಡಿಯೋದು, ಸಾಲದ್ದಕ್ಕೆ ಬೆಲ್ಲ. ಬೆಲ್ಲ ಆಗಲಿ ಜೇನುತುಪ್ಪ ಆಗಲಿ ರಕ್ತಕ್ಕೆ ಹೋದ ಮೇಲೆ ಸಕ್ಕರೆಯೇ.

ನನ್ನ ಕೈ ಹಿಡಿದಿದ್ದು ಬಸ್ಸಾರು. ದಂಟಿನ ಸೊಪ್ಪೋ ಸಬ್ಬಸಿಗೆಯೋ ಏನು ಸಿಕ್ಕುತ್ತೋ ಅದನ್ನ ಅಲಸಂದೆ ಕಾಳು ಇಲ್ಲಾ ಹುರುಳಿಕಾಳಿನ ಜೊತೆ ಬೇಯಿಸಿ, ಕಟ್ಟು ಬಸಿದು, ಅದಕ್ಕೆ ಖಾರ ರುಬ್ಬಿ ಹಾಕಿ ಕುದಿಸಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಚೂರು ಕಾಯಿತುರಿ ಉದುರಿಸಿದರೆ ಪಲ್ಯ. ಮುಂಚೆ ಆ ಪಲ್ಯ ತಟ್ಟೆ ಅಂಚಿನಲ್ಲಿ ನೆಂಚಿಕೊಳ್ಳೋಕೆ ಅಂತ ಒಂದು ಚಮಚ ಬೀಳುತ್ತಿತ್ತು. ಈಗ ಅರ್ಧ ತಟ್ಟೆ ಅದೇ. ಮುದ್ದೆ ಒಂದು ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಕಾಳಿನ ಅಳತೆಯನ್ನ ಮೊದಲಿನ ಎರಡರಷ್ಟು ಮಾಡಿದೆ, ಅಷ್ಟೇ, ಹೊಸ ಅಡುಗೆ ಏನೂ ಕಲಿಯಲಿಲ್ಲ. ಮಕ್ಕಳು ಅದೇ ಊಟ ಮಾಡುತ್ತಾರೆ, ಅವರಿಗೆ ಮುದ್ದೆ, ಅನ್ನ ಜಾಸ್ತಿ.

ಊಟದ ಕ್ರಮವನ್ನೂ ಬದಲಿಸಿದೆ. ಮೊದಲು ಕೋಸಂಬರಿ ಅಥವಾ ಪಲ್ಯ ತಿಂದು ಮುಗಿಸಿ, ಆಮೇಲೆ ಮುದ್ದೆ, ಕೊನೆಗೆ ಒಂದು ಸಣ್ಣ ಸೌಟು ಅನ್ನಕ್ಕೆ ಮಜ್ಜಿಗೆ. ಸೊಪ್ಪು, ತರಕಾರಿ, ಕಾಳು ಮೊದಲು ಹೊಟ್ಟೆಗೆ ಹೋದರೆ ಆಮೇಲೆ ತಿಂದ ಅನ್ನದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಅದೇ ಊಟ, ಅಷ್ಟೇ ಪ್ರಮಾಣ, ಕ್ರಮ ಮಾತ್ರ ಬೇರೆ ಮಾಡಿ ನೋಡಿದಾಗ ನನ್ನ ಮೀಟರಿನಲ್ಲೇ ವ್ಯತ್ಯಾಸ ಕಂಡಿತು. ನೀವೂ ಒಂದು ಸಲ ಮಾಡಿ ನೋಡಿ. ರಾತ್ರಿ ಊಟ ಎಂಟರೊಳಗೆ ಮುಗಿಸಿ, ತಟ್ಟೆ ತೊಳೆದಿಟ್ಟು, ನಾನೂ ನಮ್ಮೆಜಮಾನ್ರೂ ನಮ್ಮ ಬೀದಿಯಲ್ಲೇ ಕಾಲು ಗಂಟೆ ನಡೆಯುತ್ತೇವೆ.

ಕಾಫಿಗೆ ಸಕ್ಕರೆ ಕಮ್ಮಿ ಮಾಡುತ್ತಾ ಮಾಡುತ್ತಾ ಬಿಟ್ಟೇಬಿಟ್ಟೆ. ಸಂಜೆ ಬಿಸ್ಕತ್ತು, ಖಾರಾ ಬನ್ ಜಾಗಕ್ಕೆ ಕಡಲೆಕಾಳು ಉಸಲಿ ಅಥವಾ ಬೇಯಿಸಿದ ಕಡಲೆಕಾಯಿ ಬಂತು. ಹಣ್ಣು ಅಂದ್ರೆ ಸೀಬೆ, ಪರಂಗಿ, ಕಾಲ ಬಂದಾಗ ನೇರಳೆ. ಮಾವಿನಹಣ್ಣು ಊಟದ ಜೊತೆ ಬೇಡ, ಸಂಜೆ ಎರಡು ಹೋಳು. ಜ್ಯೂಸ್ ಇಲ್ಲವೇ ಇಲ್ಲ. ಏಕಾದಶಿ ಅಂತ ಅನ್ನ ಬಿಟ್ಟು ಸಬ್ಬಕ್ಕಿ ಉಪ್ಪಿಟ್ಟು ತಿನ್ನೋರಿಗೆ ಒಂದು ಮಾತು, ಸಬ್ಬಕ್ಕಿ ಪೂರ್ತಿ ಪಿಷ್ಟವೇ.

ಮದುವೆ ಮನೆಯ ಊಟ ಕಷ್ಟದ್ದು. ಎಲೆ ಮುಂದೆ ಕೂತರೆ ಚಿಕ್ಕಮ್ಮ ಹಿಂದೆ ನಿಂತು, "ಏನೇ ಇದು, ಒಂದೇ ಒಂದು ಹೋಳಿಗೆ ಹಾಕಿಸ್ಕೋ, ಒಂದು ದಿನಕ್ಕೆ ಏನಾಗಲ್ಲ" ಅಂತಾರೆ. ಪ್ರೀತಿಯಿಂದಲೇ ಹೇಳೋದು. "ಚಿಕ್ಕಮ್ಮ, ಅರ್ಧ ಹಾಕಿಸಿ, ಇನ್ನೊಂದು ಸಲ ಕೋಸಂಬರಿ ಬಡಿಸೋಕೆ ಹೇಳಿ" ಅಂತೀನಿ. ಅವರಿಗೂ ಬೇಜಾರಾಗೋದಿಲ್ಲ, ನನಗೆ ಆ ಅರ್ಧ ಹೋಳಿಗೆಯ ರುಚಿ ಸಾಕಾಗುತ್ತದೆ. ಆವತ್ತು ಅನ್ನ ಮುಟ್ಟೋದಿಲ್ಲ.

ಈಗ ನನ್ನ ಎಚ್‌ಬಿಎ1ಸಿ 6.7. ಅದು ತಿಂಗಳುಗಳ ಸರಾಸರಿ, ಹಾಗಾಗಿ ಹಿಂದಿನ ದಿನ ಉಪವಾಸ ಮಾಡಿ ಕಮ್ಮಿ ತೋರಿಸೋಕೆ ಆಗೋದಿಲ್ಲ. ಮಾತ್ರೆ ಬಿಟ್ಟಿಲ್ಲ. ಹಾಗಲಕಾಯಿ ರಸ, ಮೆಂತ್ಯದ ನೀರು ಅಂತ ಹೇಳೋರು ತುಂಬಾ ಜನ. ಮೆಂತ್ಯ ನಾನೂ ನೆನೆಸಿ ತಿನ್ನುತ್ತೇನೆ, ಆದ್ರೆ ಮಾತ್ರೆಯ ಬದಲಿಗೆ ಅಲ್ಲ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಕೆಲವರಿಗೆ ಬಿ12 ಕಮ್ಮಿಯಾಗುತ್ತದೆ, ಅದನ್ನೂ ಪರೀಕ್ಷೆ ಮಾಡಿಸಿ.

ಅತ್ತೆಗೂ ಶುಗರ್ ಇದೆ, ಅವರ ಮಾತ್ರೆ ಗ್ಲಿಮೆಪಿರೈಡ್, ಮೈಯಲ್ಲಿ ಇನ್ಸುಲಿನ್ ಹೆಚ್ಚಿಸೋ ಮಾತ್ರೆ. ಇಂಥ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರು ಅನ್ನ, ಮುದ್ದೆಯನ್ನ ಒಮ್ಮೆಲೇ ಅರ್ಧಕ್ಕೆ ಇಳಿಸಿದರೆ ಶುಗರ್ 70ಕ್ಕಿಂತ ಕೆಳಗೆ ಬೀಳಬಹುದು. ಅದು ಅಪಾಯ. ಅದಕ್ಕೇ ಅವರ ತಟ್ಟೆ ಬದಲಿಸೋಕೆ ಮುಂಚೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಕೇಳಿದೆವು. ಅವರು ಮಾತ್ರೆಯ ಪ್ರಮಾಣ ಇಳಿಸಿ, ಆಮೇಲೆ ಊಟ ನಿಧಾನವಾಗಿ ಕಮ್ಮಿ ಮಾಡಿ ಅಂದರು. ಶುಗರ್ ಹಾಗೆ ಇಳಿದು ಮೈ ಬೆವರಿ, ಕೈ ನಡುಗಿದರೆ ತಕ್ಷಣ ಮೂರು ಟೀ ಚಮಚ ಸಕ್ಕರೆಯನ್ನ ನೀರಿಗೆ ಕಲಸಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷೆ ಮಾಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಸೀದಾ ಆಸ್ಪತ್ರೆಗೆ. ಕಿಡ್ನಿ ತೊಂದರೆ ಇರೋರು ಕಾಳು ಜಾಸ್ತಿ ಮಾಡೋಕೆ ಮುಂಚೆಯೂ ಡಾಕ್ಟರನ್ನ ಕೇಳಿಯೇ ಮಾಡಿ.