ಪ್ರಿಂಟ್ ಆಯ್ತು ಅನ್ನುತ್ತೆ, ಪೇಪರ್ ಅಲ್ಲಾಡಲ್ಲ: ಪ್ಯಾರಲಲ್ ಪೋರ್ಟ್ ಡ್ರೈವರ್ ರೀಲೋಡ್ ಮಾಡಿದ ನನ್ನ ಅನುಭವ

ಕಾರಟಗಿ, ಗಂಗಾವತಿ, ಸಿಂಧನೂರು ಕಡೆಯ ರೈಸ್ ಮಿಲ್‌ಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಬೆಂಗಳೂರಿನ ಗೆಳೆಯರಿಗೆ ನಾನು ಇನ್ನೂ ಪ್ಯಾರಲಲ್ ಪೋರ್ಟ್ (ಯುಎಸ್‌ಬಿಗೆ ಮೊದಲು ಪ್ರಿಂಟರ್ ಜೋಡಿಸುತ್ತಿದ್ದ ಸಾಕೆಟ್) ರಿಪೇರಿ ಮಾಡುತ್ತೇನೆ ಅಂದರೆ ನಗುತ್ತಾರೆ. ನಗಲಿ ಬಿಡಿ. ವೇಬ್ರಿಡ್ಜ್ ಚೀಟಿ ಮೂರು ಪ್ರತಿ ಬೇಕು: ಗಾಡಿ ಡ್ರೈವರ್‌ಗೆ ಒಂದು, ಗೇಟಿಗೆ ಒಂದು, ಆಫೀಸಿಗೆ ಒಂದು. ನಡುವೆ ಕಾರ್ಬನ್. ಅದಕ್ಕೆ ಪಿನ್ನು ಕುಟ್ಟುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರೇ ಆಗಬೇಕು. ಹಳೆಯ ಪ್ರಿಂಟರ್ ಇನ್ನೂ ಗಟ್ಟಿಮುಟ್ಟಾಗಿದ್ದರೆ ಅದರ ಹಿಂದೆ ದಪ್ಪ ಕೇಬಲ್, ಕೇಬಲ್ಲಿನ ಇನ್ನೊಂದು ತುದಿಯಲ್ಲಿ 25 ಪಿನ್ನಿನ ಪೋರ್ಟ್ ಇದ್ದೇ ಇರುತ್ತದೆ.

ಕಾರಟಗಿಯ ಒಂದು ಮಿಲ್ಲಿನಲ್ಲಿ ವೇಬ್ರಿಡ್ಜ್ ಕಂಪ್ಯೂಟರ್ ಹಳೆಯದಾಯಿತು ಅಂತ ಬೇರೆ ಹಾಕಿದ್ದರು. ಉಬುಂಟು ಲಿನಕ್ಸ್. ತೂಕದ ಸಾಫ್ಟ್‌ವೇರ್ ಯಾರೋ ಪೈಥಾನ್‌ನಲ್ಲಿ ಬರೆದು ಕೊಟ್ಟದ್ದು, ಅದು ನೇರವಾಗಿ ಎಲ್‌ಪಿ0 ಅನ್ನುವ ಡಿವೈಸ್ ಫೈಲಿಗೆ (ಅಲ್ಲಿ ಬರೆದದ್ದು ಪ್ರಿಂಟರ್‌ಗೆ ಹೋಗುತ್ತದೆ) ಬರೆಯುತ್ತದೆ. ಬೆಳಿಗ್ಗೆ ಸರಿ ಇರುತ್ತದೆ, ಮಧ್ಯಾಹ್ನ ಯಾವಾಗಲೋ ಕೈಕೊಡುತ್ತದೆ. ಆಗ ಗುಮಾಸ್ತರು ಡೆಸ್ಕ್‌ಟಾಪ್ ಮೇಲಿನ ಒಂದು ಐಕಾನ್ ಒತ್ತುತ್ತಾರೆ. ಡ್ರೈವರ್ (ಪೋರ್ಟನ್ನು ನಡೆಸುವ ಸಾಫ್ಟ್‌ವೇರ್) ಇಳಿಸಿ ಮತ್ತೆ ಹತ್ತಿಸುವ, ಅಂದರೆ ರೀಲೋಡ್ ಮಾಡುವ ಸ್ಕ್ರಿಪ್ಟ್ ಅದು, ಹಳೇ ಕಂಪ್ಯೂಟರಿನಿಂದ ಹಾಗೇ ತಂದದ್ದು. ಹಳೇದರಲ್ಲಿ ಅದನ್ನು ಒತ್ತಿದರೆ ಸರಿ ಹೋಗುತ್ತಿತ್ತಂತೆ. ಹೊಸದರಲ್ಲಿ ಒತ್ತಿದ ಮೇಲೆ ಕಥೆ ಇನ್ನೂ ಕೆಡುತ್ತಿತ್ತು.

"ಸರ, ಪ್ರಿಂಟ್ ಹೋಗೈತಿ ಅಂತ ತೋರ್ಸಾಕತ್ತೈತ್ರಿ. ಪೇಪರ್ ಮಾತ್ರ ಅಲ್ಲಾಡವಲ್ದು ನೋಡ್ರಿ" ಅಂದರು ಗುಮಾಸ್ತರು. ಹೊರಗೆ ಭತ್ತದ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿದ್ದವು. ಸಾವ್ಕಾರ್ರು ಕೈಯಲ್ಲೇ ಚೀಟಿ ಬರೆಸುತ್ತಿದ್ದರು.

ಈ ಮಾತು ನನಗೆ ವಿಚಿತ್ರ ಅನಿಸಿತು. ಪೋರ್ಟ್ ಹಾಳಾಗಿದ್ದರೆ ಎರರ್ ಬರಬೇಕು, ಅಲ್ವಾ? ಇಲ್ಲಿ ಸಾಫ್ಟ್‌ವೇರ್ ಖುಷಿಯಾಗಿ "ಆಯ್ತು" ಅನ್ನುತ್ತಿದೆ. ಎಲ್‌ಪಿ0 ಫೈಲ್ ಇದೆ. ಎಲ್ಎಸ್‌ಮಾಡ್ ಕಮಾಂಡ್ ಹೊಡೆದರೆ ಡ್ರೈವರ್ ಮಾಡ್ಯೂಲ್‌ಗಳೆಲ್ಲ ಹಾಜರ್. ಐಓಪೋರ್ಟ್ಸ್ ಪಟ್ಟಿಯಲ್ಲಿ (ಯಾವ ವಿಳಾಸ ಯಾರ ಕೈಯಲ್ಲಿದೆ ಅಂತ ಹೇಳುವುದು) ಹೆಕ್ಸ್, ಅಂದರೆ ಹದಿನಾರರ ಲೆಕ್ಕದ 378ರ ಮುಂದೆ ಪಾರ್‌ಪೋರ್ಟ್0 ಅಂತ ಹೆಸರೂ ಇದೆ. (ಈ ಪಟ್ಟಿಯನ್ನು ಸುಡೋ (ಅಡ್ಮಿನ್ ಅನುಮತಿ) ಹಾಕಿಯೇ ನೋಡಿ. ಇಲ್ಲದಿದ್ದರೆ ವಿಳಾಸಗಳ ಜಾಗದಲ್ಲಿ ಬರೀ ಸೊನ್ನೆ ಬರುತ್ತವೆ.)

ಮೊದಲು ಲಿನಕ್ಸ್‌ನಲ್ಲಿ ಈ ಡ್ರೈವರ್‌ಗಳ ಅಂತಸ್ತು ಹೇಗಿದೆ ಅಂತ ಹೇಳಿಬಿಡುತ್ತೇನೆ. ಎಲ್ಲಕ್ಕಿಂತ ಕೆಳಗೆ ಪಾರ್‌ಪೋರ್ಟ್ ಪಿಸಿ. ಹಾರ್ಡ್‌ವೇರನ್ನು ನಿಜವಾಗಿ ಮುಟ್ಟುವುದು ಅದೊಂದೇ. ಅದರ ಮೇಲೆ ಪಾರ್‌ಪೋರ್ಟ್, ಪೋರ್ಟನ್ನು ಹಂಚಿಕೊಡುವುದು. ಅದರ ಮೇಲೆ ಎಲ್‌ಪಿ ಮತ್ತು ಪಿಪಿಡೆವ್. ಪ್ರಿಂಟರ್‌ಗೆ ಎಲ್‌ಪಿ, ಪೋರ್ಟನ್ನು ತಾನೇ ಆಡಿಸುವ ಪ್ರೋಗ್ರಾಂಗಳಿಗೆ ಪಿಪಿಡೆವ್. ಇಳಿಸುವಾಗ ಮೇಲಿನಿಂದ ಇಳಿಸಬೇಕು. ಎಲ್‌ಪಿ ಮೇಲಿರುವಾಗ ಪಾರ್‌ಪೋರ್ಟ್ ಪಿಸಿ ಇಳಿಸಲು ಹೋದರೆ "ಬಳಕೆಯಲ್ಲಿದೆ" ಅಂತ ಇಳಿಸುವ ಕಮಾಂಡ್ ಆರ್‌ಎಂಮಾಡ್ ನಿರಾಕರಿಸುತ್ತದೆ. ಯಾವುದಾದರೂ ಪ್ರೋಗ್ರಾಂ ಎಲ್‌ಪಿ0 ಫೈಲ್ ತೆರೆದಿಟ್ಟುಕೊಂಡಿದ್ದರೆ ಎಲ್‌ಪಿಯೂ ಇಳಿಯುವುದಿಲ್ಲ.

ಐಕಾನ್ ಹಿಂದಿನ ಸ್ಕ್ರಿಪ್ಟ್ ತೆರೆದು ನೋಡಿದೆ. ಎಲ್‌ಪಿ0 ಹಿಡಿದ ಪ್ರೋಗ್ರಾಂಗಳನ್ನೆಲ್ಲ ಫ್ಯೂಸರ್ ಕಮಾಂಡ್‌ನಿಂದ (ಫೈಲ್ ಯಾರ ಕೈಯಲ್ಲಿದೆ ಅಂತ ಹುಡುಕುವುದು) ಕೊಲ್ಲು, ಎಲ್‌ಪಿ ಇಳಿಸು, ಪಿಪಿಡೆವ್ ಇಳಿಸು, ಪಾರ್‌ಪೋರ್ಟ್ ಪಿಸಿ ಇಳಿಸು. ಆಮೇಲೆ ಪಾರ್‌ಪೋರ್ಟ್ ಪಿಸಿಯನ್ನು ವಿಳಾಸ ಹೆಕ್ಸ್ 378, ಐಆರ್‌ಕ್ಯೂ (ಪೋರ್ಟ್ ಸಿಪಿಯುವನ್ನು ಕರೆಯುವ ಗೆರೆ) 7 ಅಂತ ಕೈಯಾರೆ ಹೇಳಿ ಹತ್ತಿಸು, ಎಲ್‌ಪಿ ಹತ್ತಿಸು. ಓದಲಿಕ್ಕೆ ತಪ್ಪೇನೂ ಕಾಣುವುದಿಲ್ಲ. 378 ಮತ್ತು 7 ಅಂದರೆ ಹಳೇ ಕಾಲದಿಂದಲೂ ಮೊದಲ ಪ್ಯಾರಲಲ್ ಪೋರ್ಟಿನ ವಿಳಾಸ ಮತ್ತು ಐಆರ್‌ಕ್ಯೂ.

ಇನ್ನು ಡಿಮೆಸೇಜ್, ಅಂದರೆ ಕರ್ನಲ್ (ಲಿನಕ್ಸ್‌ನ ತಿರುಳು) ಬರೆದಿಡುವ ಸಂದೇಶಗಳು. ರೀಲೋಡ್ ಫೇಲಾದಾಗ ಹೆಚ್ಚಿನವರು ಕೊನೆಯ ನಾಲ್ಕು ಸಾಲು ನೋಡುತ್ತಾರೆ, ಅಂದರೆ ಹತ್ತಿಸುವಾಗ ಏನಾಯ್ತು ಅನ್ನುವುದನ್ನು. ನಾನು ಹೇಳುವುದು, ಇಳಿಸುವಾಗ ಏನಾಯ್ತು ಅನ್ನುವುದರಿಂದ ಶುರು ಮಾಡಿ. ಇಲ್ಲಿ ಆ ಜಾಗದಲ್ಲಿ ಒಂದು ಚಿಕ್ಕ ಸಾಲು ಇತ್ತು: ಪಾರ್‌ಪೋರ್ಟ್ ಪಿಸಿ, 00:05, ಡಿಸೇಬಲ್ಡ್. ಅಷ್ಟೇ. ಎರರ್ ಅಂತಲೂ ಇಲ್ಲ, ಎಚ್ಚರಿಕೆ ಅಂತಲೂ ಇಲ್ಲ.

ಅದರ ಕೆಳಗೆ, ಹತ್ತಿಸುವ ಹೊತ್ತಿನಲ್ಲಿ, ಡ್ರೈವರ್ ಕೊಟ್ಟ ಎರಡು ವಾರ್ನಿಂಗ್. ಪೋರ್ಟಿನ ಕಂಟ್ರೋಲ್ ರಿಜಿಸ್ಟರಿಗೆ (ಚಿಪ್ಪಿನೊಳಗಿನ ಪುಟ್ಟ ಖಾನೆ) 0ಸಿ ಬರೆದೆ, ಎಫ್‌ಎಫ್ ಓದಿದೆ. ಡೇಟಾ ರಿಜಿಸ್ಟರಿಗೆ ಎಎ ಬರೆದೆ, ಎಫ್‌ಎಫ್ ಓದಿದೆ. ಕೊನೆಗೆ ಒಂದು ಸಾಲು: ಈ ವಿಳಾಸ ನೀವೇ ಕೊಟ್ಟಿದ್ದೀರಿ, ಆದರೆ ಬಹುಶಃ ಅಲ್ಲಿ ಪ್ಯಾರಲಲ್ ಪೋರ್ಟ್ ಇಲ್ಲ.

ಏನು ಬರೆದರೂ ಎಫ್‌ಎಫ್ ವಾಪಸ್ ಬಂದರೆ ಆ ವಿಳಾಸದಲ್ಲಿ ಉತ್ತರ ಕೊಡುವವರು ಯಾರೂ ಇಲ್ಲ ಅಂತ ಅರ್ಥ. ಪೋರ್ಟ್ ಸುಟ್ಟಿರಬಹುದೇ ಅಂದರೆ, ರೀಬೂಟ್ ಮಾಡಿದ ಕೂಡಲೇ ಅದೇ ಪೋರ್ಟಿನಲ್ಲಿ ಚೀಟಿ ಸರಾಗ ಬರುತ್ತದೆ. ಹಾಗಾದರೆ ಹಾರ್ಡ್‌ವೇರ್ ಚೆನ್ನಾಗಿದೆ. ಯಾರೋ ಅದನ್ನು ಆಫ್ ಮಾಡುತ್ತಿದ್ದಾರೆ.

ಆಫ್ ಮಾಡುವುದು ಕರ್ನಲ್ಲೇ. ಮದರ್‌ಬೋರ್ಡ್ ಮೇಲಿನ ಪ್ಯಾರಲಲ್ ಪೋರ್ಟ್ ಹಳೇ ಪೋರ್ಟುಗಳನ್ನು ನೋಡಿಕೊಳ್ಳುವ ಸೂಪರ್ ಐಓ ಚಿಪ್ಪಿನೊಳಗೆ ಇರುತ್ತದೆ. ಅದರ ವಿವರವನ್ನು ಬಯಾಸ್ (ಆನ್ ಮಾಡಿದ ಕೂಡಲೇ ಓಡುವ ಬೋರ್ಡಿನ ಸಾಫ್ಟ್‌ವೇರ್) ಎಸಿಪಿಐ ಪಟ್ಟಿಗಳ ಮೂಲಕ ಕರ್ನಲ್‌ಗೆ ಕೊಡುತ್ತದೆ. ಕರ್ನಲ್‌ನ ಪ್ಲಗ್ ಅಂಡ್ ಪ್ಲೇ ಭಾಗ ಅದನ್ನು ಒಂದು ಡಿವೈಸ್ ಅಂತ ಬರೆದುಕೊಳ್ಳುತ್ತದೆ. ನಮ್ಮ 00:05 ಅದೇ. ಬೂಟ್ ಆಗುವಾಗ ಪಾರ್‌ಪೋರ್ಟ್ ಪಿಸಿ ಈ ದಾರಿಯಿಂದಲೇ ಬಂದು ಪೋರ್ಟ್ ಹಿಡಿಯುತ್ತದೆ. ಡ್ರೈವರ್ ಬಿಟ್ಟು ಹೋದಾಗ ಪ್ಲಗ್ ಅಂಡ್ ಪ್ಲೇ ಆ ಪೋರ್ಟನ್ನೇ ಮುಚ್ಚಿಬಿಡುತ್ತದೆ. ಬಾಡಿಗೆಯವರು ಮನೆ ಖಾಲಿ ಮಾಡಿದ ಕೂಡಲೇ ಓನರ್ ಬಂದು ಮೇನ್ ಸ್ವಿಚ್ ಇಳಿಸಿ ಹೋಗುತ್ತಾರಲ್ಲ, ಹಾಗೆ. ಮತ್ತೆ ಬರುವವರು ಓನರ್ ಮೂಲಕ ಬಂದರೆ ಅವರೇ ಸ್ವಿಚ್ ಹಾಕಿ ಕೊಡುತ್ತಾರೆ. ಹಿತ್ತಲ ಬಾಗಿಲಿಂದ ಬಂದರೆ ಕತ್ತಲೇ ಗತಿ.

ಸ್ಕ್ರಿಪ್ಟ್ ಬಂದದ್ದು ಹಿತ್ತಲ ಬಾಗಿಲಿಂದ. ಪಾರ್‌ಪೋರ್ಟ್ ಪಿಸಿಗೆ ವಿಳಾಸ ಕೈಯಾರೆ ಕೊಟ್ಟರೆ ಅದು ಕೊಟ್ಟ ವಿಳಾಸವನ್ನಷ್ಟೇ ತಡಕುತ್ತದೆ. ಪ್ಲಗ್ ಅಂಡ್ ಪ್ಲೇಯನ್ನು ಕೇಳುವುದೇ ಇಲ್ಲ, ಮದರ್‌ಬೋರ್ಡಿಗೆ ಸಿಕ್ಕಿಸುವ ಪಿಸಿಐ ಕಾರ್ಡುಗಳನ್ನೂ ಹುಡುಕುವುದಿಲ್ಲ. ಹಾಗಾಗಿ ಮುಚ್ಚಿದ ಪೋರ್ಟನ್ನು ತೆರೆಯುವವರು ಯಾರೂ ಇಲ್ಲ. ಹಳೇ ಕಂಪ್ಯೂಟರ್‌ನ ಡಿಸ್ಕ್ ಮೂಲೆಯಲ್ಲಿ ಬಿದ್ದಿತ್ತು, ತೆಗೆದು ನೋಡಿದೆ. ಅದರ ಮಾಡ್‌ಪ್ರೋಬ್ (ಮಾಡ್ಯೂಲ್ ಹತ್ತಿಸುವ ಕಮಾಂಡ್) ಸೆಟ್ಟಿಂಗ್‌ನಲ್ಲಿ ಇದೇ ವಿಳಾಸ ಬೂಟ್ ಹೊತ್ತಿಗೇ ಕೊಟ್ಟಿತ್ತು. ಅಲ್ಲಿ ಪ್ಲಗ್ ಅಂಡ್ ಪ್ಲೇ ನಡುವೆ ಬರಲೇ ಇಲ್ಲ, ಇಳಿಸುವಾಗ ಮುಚ್ಚಲೂ ಇಲ್ಲ. ಹೊಸದಕ್ಕೆ ಸ್ಕ್ರಿಪ್ಟ್ ಮಾತ್ರ ಬಂತು, ಸೆಟ್ಟಿಂಗ್ ಬರಲಿಲ್ಲ.

ಹಾಗಾದರೆ ಪೋರ್ಟ್ ಇಲ್ಲದಿದ್ದರೂ "ಪ್ರಿಂಟ್ ಆಯ್ತು" ಹೇಗೆ? ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಪಾರ್‌ಪೋರ್ಟ್ ಪಿಸಿಯ ಸೋರ್ಸ್ ಕೋಡಿನಲ್ಲಿ ಈ ಪರೀಕ್ಷೆಯ ಕೊನೆಗೆ ಒಂದು ಕಾಮೆಂಟ್ ಇದೆ: ರಿಜಿಸ್ಟರ್ ಓದಲು ಆಗದೇ ಇರಬಹುದು, ಹಾಗಿದ್ದರೆ ಬಳಕೆದಾರ ಹೇಳಿದ್ದನ್ನೇ ನಂಬು ಅಂತ. ಹೀಗಾಗಿ ಬೈದುಕೊಂಡೇ ಆದರೂ ಅದು ಪಾರ್‌ಪೋರ್ಟ್0 ಹುಟ್ಟಿಸುತ್ತದೆ. ಅದರ ಮೇಲೆ ಎಲ್‌ಪಿ0 ಬಂದು ಕೂರುತ್ತದೆ.

ಇನ್ನು ಸ್ಟೇಟಸ್ ರಿಜಿಸ್ಟರ್, ವಿಳಾಸ 379. ಪ್ರಿಂಟರ್ ತನ್ನ ಸ್ಥಿತಿ ಹೇಳುವುದು ಇಲ್ಲೇ. ಇಲ್ಲೂ ಓದಿದರೆ ಎಫ್‌ಎಫ್, ಎಂಟೂ ಬಿಟ್ 1. ಬ್ಯುಸಿ ಬಿಟ್ ಈ ಪೋರ್ಟಿನಲ್ಲಿ ಉಲ್ಟಾ: 1 ಇದ್ದರೆ ಪ್ರಿಂಟರ್ ಬಿಡುವಾಗಿದೆ ಅಂತ ಅರ್ಥ. ಎರರ್ ಬಿಟ್ ಕೂಡ ಹಾಗೇ, 1 ಇದ್ದರೆ ಎರರ್ ಇಲ್ಲ. ಪೇಪರ್ ಮುಗಿದಿದೆ ಅನ್ನುವ ಬಿಟ್ಟೂ 1 ಆಗಿರುತ್ತದೆ, ನಿಜ. ಆದರೆ ಎರರ್ ಬಿಟ್ ಸರಿ ಇದ್ದರೆ ಎಲ್‌ಪಿ ಡ್ರೈವರ್ ಮಾಮೂಲಿಯಾಗಿ ಮಿಕ್ಕದ್ದನ್ನು ನೋಡಲು ಹೋಗುವುದಿಲ್ಲ. ಒಟ್ಟಿನಲ್ಲಿ ಖಾಲಿ ವಿಳಾಸವೊಂದು ಕರ್ನಲ್ ಕಣ್ಣಿಗೆ ಸದಾ ಬಿಡುವಾಗಿರುವ, ಯಾವ ತಕರಾರೂ ಇಲ್ಲದ ಪ್ರಿಂಟರ್ ಥರ ಕಾಣುತ್ತದೆ. ಒಂದೊಂದೇ ಅಕ್ಷರ ಬರೆಯುತ್ತದೆ, ಯಾರೂ ಬೇಡ ಅನ್ನುವುದಿಲ್ಲ, ಮುಂದಿನದು ಬರೆಯುತ್ತದೆ. ಗುಮಾಸ್ತರು ಹೇಳಿದ್ದು ಅಕ್ಷರಶಃ ಸತ್ಯ.

ಅಂದ ಹಾಗೆ, ಇದೇ ಎಲ್‌ಪಿ ಡ್ರೈವರಿನಲ್ಲಿ ಪೇಪರ್ ಇದೆ, ಪ್ರಿಂಟರ್ ಆನ್‌ಲೈನ್ ಇದೆ, ಆದರೂ ಎರರ್ ಇದೆ ಅಂತಾದರೆ "ಎಲ್‌ಪಿ0 ಆನ್ ಫೈರ್" ಅಂತ ಬರೆಯುವ ಸಾಲು ನಿಜವಾಗಿಯೂ ಇದೆ. ಸಾವ್ಕಾರ್ರಿಗೆ ಇದನ್ನು ಹೇಳಬೇಡಿ.

ಸರಿ ಮಾಡಿದ್ದು ಹೀಗೆ. ಕರ್ನಲ್ ತನ್ನ ಡಿವೈಸ್‌ಗಳನ್ನು ಫೈಲುಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಬಸ್, ಪಿಎನ್‌ಪಿ, ಡಿವೈಸಸ್ ಅಂತ ಕೆಳಗಿಳಿದು 00:05ರ ಒಳಗೆ ಹೋದೆ. ಅಲ್ಲಿನ ಐಡಿ ಫೈಲಿನಲ್ಲಿ ಪಿಎನ್‌ಪಿ0400 ಅಥವಾ ಪಿಎನ್‌ಪಿ0401 ಇದ್ದರೆ ಅದು ಪ್ಯಾರಲಲ್ ಪೋರ್ಟ್. ಎರಡನೆಯದು ಇಸಿಪಿ, ಅಂದರೆ ವೇಗದ ಬಗೆಯದು. ಪಕ್ಕದ ರಿಸೋರ್ಸಸ್ ಫೈಲಿನಲ್ಲಿ ಸ್ಟೇಟ್ ಡಿಸೇಬಲ್ಡ್ ಅಂತ ಇತ್ತು. ಅನುಮಾನ ಅಲ್ಲಿಗೆ ಮುಗಿಯಿತು. ಎಲ್‌ಪಿ, ಪಿಪಿಡೆವ್, ಪಾರ್‌ಪೋರ್ಟ್ ಪಿಸಿ ಮೂರನ್ನೂ ಮತ್ತೆ ಇಳಿಸಿದೆ. ಸುಳ್ಳು ಪಾರ್‌ಪೋರ್ಟ್0 ಆ ವಿಳಾಸ ಹಿಡಿದು ಕೂತಿರುವುದರಿಂದ ಇಳಿಸದೆ ವಿಧಿ ಇಲ್ಲ. ಆಮೇಲೆ ಯಾವ ವಿಳಾಸವನ್ನೂ ಕೊಡದೆ ಬರೀ ಪಾರ್‌ಪೋರ್ಟ್ ಪಿಸಿ ಹತ್ತಿಸಿದೆ. ಡಿಮೆಸೇಜ್‌ನಲ್ಲಿ 00:05 ಆಕ್ಟಿವೇಟೆಡ್ ಅಂತ ಬಂತು. ಎಲ್‌ಪಿ ಹತ್ತಿಸಿದೆ. ಚೀಟಿ ಹೊರಗೆ ಬಂತು.

ನೀವು ಮಾಡುವಾಗ ಒಂದು ಮಾತು. ವಿಳಾಸ ಟೈಪ್ ಮಾಡದಿದ್ದರೂ ಮಾಡ್‌ಪ್ರೋಬ್ ಡೈರೆಕ್ಟರಿಯ ಯಾವುದೋ ಫೈಲಿನಲ್ಲಿ ಅದು ಅಡಗಿರಬಹುದು. ಮಾಡ್‌ಪ್ರೋಬ್‌ಗೆ ಹೈಫನ್ ಸಿ ಕೊಟ್ಟು, ಬಂದದ್ದರಲ್ಲಿ ಪಾರ್‌ಪೋರ್ಟ್ ಅಂತ ಹುಡುಕಿ ನೋಡಿ.

ಇಷ್ಟಾದ ಮೇಲೂ ಮೂಲ ತೊಂದರೆ ಹಾಗೇ ಉಳಿದಿತ್ತು. ಮಧ್ಯಾಹ್ನ ಪ್ರಿಂಟ್ ನಿಲ್ಲುವುದು ಯಾಕೆ? ಈ ಸಲ ನಿಂತಾಗ ಏನನ್ನೂ ಇಳಿಸದೆ, ಏನನ್ನೂ ಕೊಲ್ಲದೆ, ಎಲ್‌ಪಿ0 ಯಾರ ಕೈಯಲ್ಲಿದೆ ಅಂತ ಫ್ಯೂಸರ್‌ನಿಂದ ಬರೀ ಕೇಳಿದೆ. ಹಿಡಿದಿದ್ದು ಕಪ್ಸ್‌ನ (ಲಿನಕ್ಸ್‌ನ ಪ್ರಿಂಟಿಂಗ್ ವ್ಯವಸ್ಥೆ) ಪ್ಯಾರಲಲ್ ಬ್ಯಾಕೆಂಡ್. ಆಫೀಸಿನ ಹುಡುಗ ಅದೇ ಪ್ರಿಂಟರ್‌ಗೆ ಲಿಬ್ರೆಆಫೀಸ್‌ನಿಂದ ಒಂದು ಪತ್ರ ಕಳಿಸಿದ್ದ. ಪೇಪರ್ ಮುಗಿದಿತ್ತು. ಕಪ್ಸ್ ಎಲ್‌ಪಿ0 ಹಿಡಿದುಕೊಂಡು ಪೇಪರ್‌ಗಾಗಿ ಕಾಯುತ್ತಿತ್ತು. ಎಲ್‌ಪಿ0 ಒಬ್ಬರಿಗೆ ಮಾತ್ರ ತೆರೆಯುತ್ತದೆ, ಎರಡನೆಯವರಿಗೆ "ಬ್ಯುಸಿ" ಅನ್ನುತ್ತದೆ. ತೂಕದ ಸಾಫ್ಟ್‌ವೇರ್ ಅದನ್ನೇ ಪೋರ್ಟ್ ಎರರ್ ಅಂತ ತೋರಿಸುತ್ತಿತ್ತು, ಗುಮಾಸ್ತರು ಐಕಾನ್ ಒತ್ತುತ್ತಿದ್ದರು. ಡ್ರೈವರಿಗೂ ಈ ತಾಪತ್ರಯಕ್ಕೂ ಸಂಬಂಧವೇ ಇರಲಿಲ್ಲ.

ಕಪ್ಸ್ ನಿಲ್ಲಿಸಿಬಿಡೋಣ ಅಂತ ಸಿಸ್ಟಮ್‌ಸಿಟಿಎಲ್‌ನಿಂದ ಸ್ಟಾಪ್ ಕೊಟ್ಟರೆ ಅದು ಸುಮ್ನೆ ಕೂರುವುದಿಲ್ಲ. ಕಪ್ಸ್ ಸಾಕೆಟ್, ಕಪ್ಸ್ ಪಾತ್ ಅಂತ ಎರಡು ಯೂನಿಟ್ ಅದನ್ನು ಮತ್ತೆ ಎಬ್ಬಿಸುತ್ತವೆ. ನಿಲ್ಲಿಸುವುದಾದರೆ ಮೂರನ್ನೂ ನಿಲ್ಲಿಸಬೇಕು. ನಾನು ಆ ದಾರಿ ಹಿಡಿಯಲಿಲ್ಲ. ತೂಕದ ಸಾಫ್ಟ್‌ವೇರ್ ಎಲ್‌ಪಿ0ಗೆ ನೇರ ಬರೆಯುವುದನ್ನು ತೆಗೆದು, ಕಪ್ಸ್‌ನಲ್ಲಿ ಒಂದು ರಾ ಕ್ಯೂ (ಬಂದದ್ದನ್ನು ಬದಲಿಸದೆ ಹಾಗೇ ಕಳಿಸುವ ಸರದಿ) ಮಾಡಿ ಅದರ ಮೂಲಕ ಕಳಿಸುವ ಹಾಗೆ ಮಾಡಿದೆ. ಈಗ ಪತ್ರ ಮತ್ತು ಚೀಟಿ ಎರಡೂ ಕಪ್ಸ್ ಮೂಲಕವೇ ಹೋಗುತ್ತವೆ, ಸರದಿಯಲ್ಲಿ. ಐಕಾನ್‌ನಲ್ಲಿ ಸಿಕ್ಕಿಕೊಂಡ ಕೆಲಸ ರದ್ದು ಮಾಡುವ ಕಮಾಂಡ್ ಮಾತ್ರ ಇದೆ. ಪಾರ್‌ಪೋರ್ಟ್ ಪಿಸಿಯನ್ನು ಅದು ಮುಟ್ಟುವುದಿಲ್ಲ. ರೀಲೋಡ್ ಬೇಕೇ ಬೇಕು ಅನಿಸಿದರೂ ಎಲ್‌ಪಿ ಒಂದನ್ನು ಇಳಿಸಿ ಹತ್ತಿಸಿದರೆ ಸಾಕಾಗುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಇದೇ ಜಾತಿಯ ಇನ್ನೆರಡು ಸಿಕ್ಕಿವೆ, ಬೇಗ ಹೇಳುತ್ತೇನೆ. ಸಿಂಧನೂರಿನಲ್ಲಿ ಒಂದು ಕಡೆ ವಿಳಾಸ ಕೊಡದೆ ಹತ್ತಿಸಿದರೂ ಪೋರ್ಟ್ ಬರಲಿಲ್ಲ. ರಿಸೋರ್ಸ್ ಹೊಂದಿಸಲು ಆಗಲಿಲ್ಲ ಅಂತ ಪ್ಲಗ್ ಅಂಡ್ ಪ್ಲೇ ಕೈಚೆಲ್ಲಿತ್ತು. ಆಪ್ಷನ್ಸ್ ಫೈಲ್ ನೋಡಿದರೆ ಬಯಾಸ್ ಆ ಪೋರ್ಟಿಗೆ ಡಿಎಂಎ (ಸಿಪಿಯು ಕೈ ಹಾಕದೆ ಡೇಟಾ ಸಾಗಿಸುವ ದಾರಿ) ಕೂಡ ಕೇಳುತ್ತಿತ್ತು, ಇಸಿಪಿ ಮೋಡಿನಲ್ಲಿತ್ತು. ಡಾಟ್ ಮ್ಯಾಟ್ರಿಕ್ಸ್‌ಗೆ ಇಸಿಪಿ ಯಾಕೆ? ಬಯಾಸ್‌ಗೆ ಹೋಗಿ ಎಸ್‌ಪಿಪಿ (ಸಾದಾ ಮೋಡ್) ಮಾಡಿದೆ, ಆಮೇಲೆ ಇಳಿಸಿದರೂ ಹತ್ತಿಸಿದರೂ ತಕರಾರಿಲ್ಲ.

ಇನ್ನೊಂದು ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್. ಅಲ್ಲಿ ಮದರ್‌ಬೋರ್ಡಿನಲ್ಲಿ ಪೋರ್ಟೇ ಇಲ್ಲ, ಪಿಸಿಐ ಕಾರ್ಡ್ ಹಾಕಿದ್ದರು. ಕಾರ್ಡಿನ ಮೇಲೆ ಹೈದರಾಬಾದಿನ ಮಾಸ್‌ಚಿಪ್ ಕಂಪನಿಯ ಚಿಪ್, ಒಂದೇ ಕಾರ್ಡಿನಲ್ಲಿ ಸೀರಿಯಲ್ ಮತ್ತು ಪ್ಯಾರಲಲ್. ಇಂಥ ಕಾರ್ಡಿಗೆ ಪಾರ್‌ಪೋರ್ಟ್ ಸೀರಿಯಲ್ ಅನ್ನುವ ಬೇರೆ ಮಾಡ್ಯೂಲ್ ಬರುತ್ತದೆ, ಅದು ಪಾರ್‌ಪೋರ್ಟ್ ಪಿಸಿಯ ಮೇಲೆ ನಿಂತಿರುತ್ತದೆ. ಅದನ್ನು ಮೊದಲು ಇಳಿಸದೆ ಪಾರ್‌ಪೋರ್ಟ್ ಪಿಸಿ ಇಳಿಯುವುದಿಲ್ಲ. ಇಳಿಸಿದರೆ ಸೀರಿಯಲ್ ಪೋರ್ಟೂ ಹೋಗುತ್ತದೆ, ತೂಕದ ಅಂಕಿ ಬರುವುದು ಅದರಲ್ಲೇ. ವಿಳಾಸವನ್ನು ಪಿಸಿಐ ಕೊಡುವುದರಿಂದ ಅದು 378 ಆಗಿರುವುದೂ ಇಲ್ಲ. ಪಿಸಿಐ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐಗೆ ಹೈಫನ್ ವಿ ಕೊಟ್ಟರೆ ನಿಜವಾದ ವಿಳಾಸ ಕಾಣುತ್ತದೆ. ಅಲ್ಲೂ ಡೆಸ್ಕ್‌ಟಾಪ್ ಮೇಲೆ ಅದೇ ಐಕಾನ್ ಇತ್ತು, ಒಳಗೆ ಅದೇ 378. ಅಳಿಸಿ ಬಂದೆ.