ಅಪ್ಪನ ಟ್ರಂಕು, ನನ್ನ ಬಿ.ಕಾಂ.

ಬಿ.ಕಾಂ. ಮೊದಲ ವರ್ಷದ ಮೊದಲ ಕಿರುಪರೀಕ್ಷೆ. ವಿಮೆಯ ಪೇಪರಿನಲ್ಲಿ 'ಇನ್‌ಶೂರೆಬಲ್ ಇಂಟರೆಸ್ಟ್' ಎಂದರೇನು ಎಂಬ ಪ್ರಶ್ನೆ ಇತ್ತು. ಇಂಟರೆಸ್ಟ್ ಅಂದ್ರೆ ಬಡ್ಡಿ, ಅಲ್ವಾ? ವಿಮಾ ಕಂಪನಿ ಕೊಡುವ ಬಡ್ಡಿಗೆ ಹೀಗೆನ್ನುತ್ತಾರೆ ಎಂದು ಒಂದೂವರೆ ಪುಟ ಬರೆದೆ. ಉದಾಹರಣೆಗೆ ಲೆಕ್ಕ ಬೇರೆ ಮಾಡಿ ತೋರಿಸಿದ್ದೆ. 20ಕ್ಕೆ 6 ಅಂಕ ಬಂತು. ಮೇಷ್ಟ್ರು ಕೆಂಪು ಇಂಕಿನಲ್ಲಿ ಒಂದೇ ಸಾಲು ಬರೆದಿದ್ದರು: "ಪಕ್ಕದ ಮನೆಯ ದನಕ್ಕೆ ನೀನು ವಿಮೆ ಮಾಡಿಸಬಹುದಾ? ಯೋಚಿಸು."

ಯೋಚಿಸಿದೆ. ಪಕ್ಕದ ಮನೆಯ ದನ ಸತ್ತರೆ ನನಗೆ ಬೇಜಾರಾಗಬಹುದು, ನಷ್ಟವೇನೂ ಇಲ್ಲ. ನಷ್ಟ ಇಲ್ಲದಿದ್ದರೆ ವಿಮೆಯೂ ಇಲ್ಲ. ಆ ನಷ್ಟದ ನಂಟಿಗೇ 'ಇನ್‌ಶೂರೆಬಲ್ ಇಂಟರೆಸ್ಟ್' ಅನ್ನುವುದು. ನಮ್ಮ ಹಟ್ಟಿಯ ಗಂಗೆಯ ಕಿವಿಯಲ್ಲಿ ಹಳದಿ ಟ್ಯಾಗ್ ನೇತಾಡುತ್ತಿತ್ತು. ಸಾಲದಲ್ಲಿ ತಂದ ದನ, ವಿಮೆ ಇತ್ತು. ಟ್ಯಾಗ್ ಇಲ್ಲದೆ ಹೋದರೆ ಕ್ಲೇಮ್ ಇಲ್ಲ ಎಂದು ಅಮ್ಮ ದಿನಾ ಹಾಲು ಕರೆಯುವಾಗ ಅದನ್ನು ಮುಟ್ಟಿ ನೋಡುತ್ತಿದ್ದಳು. ನಾನು ಪುಸ್ತಕದಲ್ಲಿ ಹುಡುಕಿ ಸೋತದ್ದು ಅಮ್ಮನ ಕೈಯಲ್ಲೇ ಇತ್ತು.

ನಾನು ಪಿಯುಸಿವರೆಗೆ ಕನ್ನಡ ಮಾಧ್ಯಮ. ಸವಕಳಿ, ಋಣಿಗಳು, ಧನಿಗಳು, ಅಢಾವೆ ಪತ್ರಿಕೆ ಎಲ್ಲ ಬಾಯಲ್ಲಿತ್ತು. ಡಿಗ್ರಿಗೆ ಬಂದ ಕೂಡಲೇ ಅವೆಲ್ಲ ಮಾಯ. ಉಡುಪಿ ಕಡೆಯ ಒಂದು ಸಾಧಾರಣ ಕಾಲೇಜು, 2013ನೇ ಇಸವಿ. ಬ್ಯಾಂಕಿಂಗ್ ಮತ್ತು ವಿಮೆ ತೆಗೆದುಕೊಂಡದ್ದಕ್ಕೆ ದೊಡ್ಡ ಕಾರಣವೇನಿಲ್ಲ. ನಮ್ಮೂರಲ್ಲಿ ಬ್ಯಾಂಕ್ ಕೆಲಸ ಅಂದ್ರೆ ಮದುವೆ ಮಾತುಕತೆಗೂ ಬೆಲೆ, ಅಷ್ಟೇ.

ಆ 6 ಅಂಕದ ರಾತ್ರಿ ಅಟ್ಟದಿಂದ ಅಪ್ಪನ ಕಬ್ಬಿಣದ ಟ್ರಂಕು ಇಳಿಸಿದೆ. ಅಪ್ಪನದ್ದು ಸಣ್ಣ ದಿನಸಿ ಅಂಗಡಿ. ಇಪ್ಪತ್ತು ವರ್ಷದ ಕಾಗದ ಅದರೊಳಗೆ ಜಿರಳೆಗುಳಿಗೆಯ ವಾಸನೆ ಹೊಡೆಯುತ್ತಾ ಕೂತಿತ್ತು. ದಿನಾ ಚೂರು ಚೂರು ಕಟ್ಟುವ ಪಿಗ್ಮಿ ಉಳಿತಾಯದ ಪುಸ್ತಕಗಳು, ಸೊಸೈಟಿ ಸಾಲದ ಪತ್ರ, ಎರಡು ವಿಮಾ ಪಾಲಿಸಿ, ಅಣ್ಣನ ಬೈಕ್ ಸಾಲದ ಕಾಗದ, ಒಂದು ಬೌನ್ಸ್ ಆದ ಚೆಕ್. ಕ್ಲಾಸಿನಲ್ಲಿ ಒಂದು ಹೊಸ ಪದ ಬಂದರೆ ಅದರ ಜೊತೆಗಾರನನ್ನು ಈ ಟ್ರಂಕಿನಲ್ಲಿ ಹುಡುಕುವುದು. ಇದೇ ನನ್ನ ಓದಿನ ವಿಧಾನ ಆಯ್ತು. ಡಿಗ್ರಿ ಮುಗಿಯುವವರೆಗೂ ಬಿಡಲಿಲ್ಲ.

ಬೌನ್ಸ್ ಆದ ಚೆಕ್ಕಿನ ಕಥೆ ಬೇಗ ಮುಗಿಯುತ್ತದೆ. ಒಬ್ಬ ಹೋಟೆಲಿನವರು 18,000 ರೂಪಾಯಿಗೆ ಕೊಟ್ಟಿದ್ದರು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ, ಅಂದ್ರೆ ಬೌನ್ಸ್ ಆದ ಚೆಕ್ಕಿಗೆ ಕೇಸು ಹಾಕುವ ಕಲಂ, ಓದಿ ಹುಮ್ಮಸ್ಸಿನಿಂದ ಅಪ್ಪನ ಹತ್ತಿರ ಓಡಿದೆ. ಚೆಕ್ ವಾಪಸಾಯ್ತು ಎಂದು ಬ್ಯಾಂಕಿನಿಂದ ಮೆಮೊ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು, ಅವರಿಗೆ 15 ದಿನ ಟೈಮ್, ಅದಾದ ಮೇಲೆ ಒಂದು ತಿಂಗಳಲ್ಲಿ ಕೇಸು ಹಾಕಬೇಕು. ಮೆಮೊ ತಾರೀಕು ನೋಡಿದರೆ ನಾಲ್ಕು ವರ್ಷ ಹಳೆಯದು. "ಇಟ್ಕೊ, ನಿನ್ನ ಪರೀಕ್ಷೆಗಾದ್ರೂ ಬಂತಲ್ಲ" ಎಂದರು ಅಪ್ಪ.

ಬೈಕ್ ಸಾಲ ಮಾತ್ರ ನನಗೆ ನಿಜವಾಗಿ ಕಣ್ಣು ತೆರೆಸಿತು. ಅಣ್ಣ 60,000 ಸಾಲ ತೆಗೆದಿದ್ದ, 36 ಕಂತು, ತಿಂಗಳಿಗೆ 2,267 ರೂಪಾಯಿ. "ಬರೀ 12 ಪರ್ಸೆಂಟ್ ಬಡ್ಡಿ" ಎಂದಿದ್ದರಂತೆ. ಆಗ ನಮಗೆ ವರ್ತಮಾನ ಮೌಲ್ಯ, ಅಂದ್ರೆ ಮುಂದೆ ಕೈಸೇರುವ ದುಡ್ಡಿಗೆ ಇವತ್ತಿನ ಬೆಲೆ ಎಷ್ಟು ಎಂಬ ಲೆಕ್ಕ, ಕಲಿಸುತ್ತಿದ್ದರು. ಬೋರ್ಡಿನ ಮೇಲೆ ನೋಡಿದಾಗ ಅದು ಸುಮ್ನೆ ಒಂದು ಸೂತ್ರ. ಮನೆಗೆ ಬಂದು ಅಣ್ಣನ ಅಂಕಿ ಹಾಕಿದೆ. ಶೇ. 12ಕ್ಕೆ ತಾಳೆಯಾಗಲಿಲ್ಲ. ಮೂರು ಸಲ ಮಾಡಿದೆ. ಕ್ಯಾಲ್ಕುಲೇಟರ್ ಕೆಟ್ಟಿದೆ ಅಂದ್ಕೊಂಡು ಅಂಗಡಿಯದ್ದನ್ನು ತಂದು ಮಾಡಿದೆ. ಶೇ. 12ರ ಬಡ್ಡಿಗೆ ಕಂತು 1,993 ಬರುತ್ತದೆ, 2,267 ಅಲ್ಲ!

ಗುಟ್ಟು ಸಾಲದ ಕಾಗದದಲ್ಲೇ ಸಣ್ಣ ಅಕ್ಷರದಲ್ಲಿತ್ತು: ಫ್ಲ್ಯಾಟ್ ರೇಟ್. 60,000ಕ್ಕೆ ವರ್ಷಕ್ಕೆ 7,200, ಮೂರು ವರ್ಷಕ್ಕೆ 21,600. ಅಸಲು ಸೇರಿಸಿ 36ರಿಂದ ಭಾಗಿಸಿದರೆ ಕಂತು ಬಂತು. ಅಣ್ಣ ತಿಂಗಳು ತಿಂಗಳು ಅಸಲು ತೀರಿಸುತ್ತಿದ್ದರೂ ಬಡ್ಡಿ ಮಾತ್ರ ಮೊದಲ ದಿನದ 60,000ದ ಮೇಲೇ. ಈ ಲೆಕ್ಕದಲ್ಲಿ ಕೊನೇ ಕಂತಿನ ಹೊತ್ತಿಗೆ ಉಳಿಯುವ ಅಸಲು 1,667 ರೂಪಾಯಿ. ಅದಕ್ಕೂ ಆ ತಿಂಗಳ ಬಡ್ಡಿ 600 ರೂಪಾಯಿ! ಹಾಗಾದರೆ ನಿಜವಾದ ದರ ಎಷ್ಟು? ಊಹೆ ಮಾಡಿ ಮಾಡಿ ನೋಡಬೇಕು. ತಿಂಗಳಿಗೆ ಶೇ. 1.5 ಹಾಕಿದೆ, ಕಂತುಗಳ ಇವತ್ತಿನ ಬೆಲೆ 62,700 ಬಂತು, ಜಾಸ್ತಿ. ಶೇ. 2 ಹಾಕಿದೆ, 57,800ರ ಹತ್ತಿರ ಬಂತು, ಕಡಿಮೆ. ಎರಡರ ನಡುವೆ ಹಿಂಡುತ್ತಾ ಹೋದರೆ ತಿಂಗಳಿಗೆ 1.77ರ ಆಸುಪಾಸು ನಿಂತಿತು. ವರ್ಷಕ್ಕೆ ಶೇ. 21ಕ್ಕಿಂತ ಮೇಲೆ.

ರಾತ್ರಿ ಹನ್ನೊಂದು ಗಂಟೆ. ಮಲಗಿದ್ದ ಅಣ್ಣನನ್ನು ಎಬ್ಬಿಸಿ ತೋರಿಸಿದೆ. "ಕಟ್ಟಿ ಮುಗೀಲಿಕ್ಕೆ ಇನ್ನು ನಾಲ್ಕೇ ಕಂತು ಇರೋದು ಮಾರಾಯ್ತಿ, ಈಗ ಹೇಳ್ತೀಯಲ್ಲ" ಎಂದು ಆಚೆ ಮಗ್ಗುಲಾದ. ನನಗಂತೂ ಆ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಕಂಪ್ಯೂಟರ್ ಲ್ಯಾಬಿನಲ್ಲಿ ಎಕ್ಸೆಲ್‌ನ 'ರೇಟ್' ಫಾರ್ಮುಲಾ ತೋರಿಸಿದರು, ಒಂದು ಸೆಕೆಂಡಿನ ಕೆಲಸ. ಆದರೂ ಈ ವಿಷಯ ಓದುವವರು ಒಮ್ಮೆಯಾದರೂ ಇದನ್ನು ಕೈಯಲ್ಲೇ ಮಾಡಬೇಕು ಅನ್ನುವುದು ನನ್ನ ಹಟ. ಯಂತ್ರ ಕೊಟ್ಟ ಉತ್ತರಕ್ಕೆ ನಿದ್ದೆ ಕೆಡುವುದಿಲ್ಲ.

ಅದೇ ಹುರುಪಿನಲ್ಲಿ ಅಪ್ಪನ ವಿಮಾ ಪಾಲಿಸಿಗೆ ಕೈ ಹಾಕಿದೆ. ವರ್ಷಕ್ಕೆ 6,000 ರೂಪಾಯಿಯಂತೆ 20 ವರ್ಷ ಕಟ್ಟಿದ್ದರು, ಒಟ್ಟು 1,20,000. ಮುಗಿಯುವಾಗ ಬೋನಸ್ ಸೇರಿ 2,10,000 ಬರುವುದಿತ್ತು. ಹತ್ತಿರ ಹತ್ತಿರ ಡಬಲ್ ಎಂದು ಅಪ್ಪನಿಗೆ ಖುಷಿ. ಲೆಕ್ಕ ಹಾಕಿದರೆ ವರ್ಷಕ್ಕೆ ಶೇ. 5ರ ಮೇಲೆ ಚೂರು. ಪಾಲಿಸಿ ಮಾಡಿಸಿದ್ದು ಸೋದರಮಾವ. ಆ ಭಾನುವಾರ ಅವರು ಊಟಕ್ಕೆ ಬಂದಾಗ ನಾನು ಹಾಳೆ ಹಿಡಿದು ಜಗಲಿಗೆ ಹೋದೆ. ಹತ್ತೊಂಬತ್ತು ವರ್ಷದ ಹುಡುಗಿ, ಹೊಸದಾಗಿ ಕಲಿತ ವಿದ್ಯೆ, ಕೇಳಬೇಕಾ.

ಮಾವ ಹಾಳೆಯನ್ನು ಪೂರ್ತಿ ನೋಡಿದರು. ಸಿಟ್ಟಾಗಲಿಲ್ಲ. "ಲೆಕ್ಕ ಸರಿ ಉಂಟು ಪುಟ್ಟಿ. ನಿನ್ನ ಅಪ್ಪ ಈ ದುಡ್ಡನ್ನು ಎಫ್‌ಡಿ ಇಡ್ತಿದ್ರಾ?" ಎಂದು ಕೇಳಿದರು. ಅಪ್ಪ ನಕ್ಕರು. ಇಡುತ್ತಿರಲಿಲ್ಲ. ಅಂಗಡಿಗೆ ಸಕ್ಕರೆ ಮೂಟೆ ತರುತ್ತಿದ್ದರು. ಆಮೇಲೆ ಮಾವ ಹೇಳಿದ್ದು ನಮ್ಮ ಕೇರಿಯಲ್ಲೇ ಗಂಡ ತೀರಿಕೊಂಡ ಒಬ್ಬ ಹೆಂಗಸಿನ ವಿಷಯ. ಮರಣ ಪ್ರಮಾಣಪತ್ರ, ನಾಮಿನಿ ಹೆಸರಿನ ತಪ್ಪು, ಅಫಿಡವಿಟ್ ಎಂದು ಅವರ ಮನೆಯ ಮೆಟ್ಟಿಲ ಮೇಲೆ ಕೂತು ಮಾವ ಎರಡು ತಿಂಗಳು ಫಾರಂ ತುಂಬಿದ್ದರು. ಅದಕ್ಕೆ ಯಾವ ಕಮಿಷನ್ನೂ ಇರಲಿಲ್ಲ. ಇದು ನನ್ನ ಹಾಳೆಯ ಯಾವ ಕಾಲಮಿನಲ್ಲೂ ಕೂರುವುದಿಲ್ಲ. ಉಳಿತಾಯಕ್ಕೂ ವಿಮೆಗೂ ಗಂಟು ಹಾಕಬಾರದು, ಸತ್ತರೆ ಮಾತ್ರ ದುಡ್ಡು ಬರುವ ಬರೀ ಟರ್ಮ್ ಪಾಲಿಸಿ ಸಾಕು ಅನ್ನುವುದು ನನ್ನ ಅಭಿಪ್ರಾಯ, ಈಗಲೂ. ಆದರೆ ಆ ದಿನದಿಂದ ಮಾವನ ಎದುರು ಹಾಳೆ ಹಿಡಿಯಲಿಲ್ಲ.

ಎರಡನೇ ವರ್ಷದ ಮಳೆಗಾಲದಲ್ಲಿ ದೊಡ್ಡಪ್ಪನ ಗೋಡೌನಿಗೆ ಹೊಳೆ ನೀರು ನುಗ್ಗಿತು. ಅಕ್ಕಿ ಮತ್ತು ದನದ ಹಿಂಡಿಯ ವ್ಯಾಪಾರ. ಕೆಳಗಿನ ಎರಡು ಸಾಲು ಮೂಟೆ ಉಬ್ಬಿ ಒಡೆದು, ಹುಳಿ ವಾಸನೆ ಮುಖ್ಯರಸ್ತೆವರೆಗೆ. ಒಂದೂವರೆ ಲಕ್ಷದ ಮಾಲು ಹೋಯ್ತು. ದೊಡ್ಡಪ್ಪನಿಗೆ ಚಿಂತೆಯಿಲ್ಲ, ನಾಲ್ಕು ಲಕ್ಷಕ್ಕೆ ವಿಮೆ ಇತ್ತಲ್ಲ. ಸರ್ವೇಯರ್ ಬಂದರು, ಫೋಟೊ ತೆಗೆದರು, ಸ್ಟಾಕ್ ಪುಸ್ತಕ ಕೇಳಿದರು. ನೀರು ಬಂದ ದಿನ ಒಟ್ಟು ಎಂಟು ಲಕ್ಷದ ಮಾಲು ಇತ್ತು ಎಂದು ಪುಸ್ತಕ ಹೇಳಿತು. ಅಲ್ಲಿಗೆ ಕಥೆ ಮುಗಿಯಿತು. ಎಂಟು ಲಕ್ಷದ ಮಾಲಿಗೆ ನಾಲ್ಕು ಲಕ್ಷದ ವಿಮೆ ಅಂದ್ರೆ ಅರ್ಧ ಅಪಾಯ ನಿಮ್ಮದೇ ತಲೆಗೆ. ಹಾಗಾಗಿ ನಷ್ಟದಲ್ಲೂ ಅರ್ಧವೇ, 75,000. ಅದರಲ್ಲಿ ಪಾಲಿಸಿಯ ಪ್ರಕಾರ 10,000 ಮುರ್ಕೊಂಡು ಕೈಗೆ ಬಂದದ್ದು 65,000.

"ನಾಲ್ಕು ಲಕ್ಷದ ಒಳಗೇ ಉಂಟಲ್ಲ, ಪೂರ್ತಿ ಯಾಕೆ ಕೊಡುದಿಲ್ಲ?" ಎಂದು ದೊಡ್ಡಪ್ಪ ಅಂಗಡಿ ಮುಂದೆ ನಿಂತು ಕೂಗಾಡಿದರು. ನನಗೆ ಉತ್ತರ ಗೊತ್ತಿತ್ತು. ವಿಮೆ ಕಡಿಮೆಯಿದ್ದರೆ ಪರಿಹಾರವೂ ಅದೇ ಪಾಲಿನಲ್ಲಿ ಇಳಿಯುವ ಈ ಆವರೇಜ್ ಷರತ್ತಿಗೆ ಹೋದ ವಾರವಷ್ಟೇ ಹತ್ತು ಅಂಕದ ಪ್ರಶ್ನೆ ಬರೆದಿದ್ದೆ, ಪೂರ್ತಿ ಅಂಕವೂ ಬಂದಿತ್ತು. ಅವರ ಪಾಲಿಸಿ ನಮ್ಮ ಮನೆಯ ಟ್ರಂಕಿನಲ್ಲಿ ಇರಲಿಲ್ಲ, ಹಾಗಾಗಿ ಮೊದಲೇ ನೋಡಿರಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನೋಡಿದ್ದರೂ ಏನಾಗುತ್ತಿತ್ತು? ಐದು ವರ್ಷದಿಂದ ಯಾರೋ ಅದೇ ಮೊತ್ತಕ್ಕೆ ನವೀಕರಿಸುತ್ತಾ ಬಂದಿದ್ದರು, ವ್ಯಾಪಾರ ಮಾತ್ರ ಬೆಳೆದಿತ್ತು. ಸಣ್ಣ ಉದ್ಯಮಗಳ ಬೆಂಕಿ ವಿಮೆಗೆ 2021ರ ಏಪ್ರಿಲ್‌ನಿಂದ ಬಂದ ಹೊಸ ಪಾಲಿಸಿಯಲ್ಲಿ ವಿಮೆಯ ಮೊತ್ತದಲ್ಲಿ ಶೇ. 15ರವರೆಗಿನ ಕೊರತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅರ್ಧಕ್ಕರ್ಧ ಕೊರತೆ ಇದ್ದರೆ ಅದೂ ಕಾಪಾಡುವುದಿಲ್ಲ, ಅದು ಬೇರೆ ಮಾತು.

ಬ್ಯಾಂಕಿಂಗ್ ಇತಿಹಾಸ ಅಂದ್ರೆ ಹೆಚ್ಚಿನವರು ತಾರೀಕು ಬಾಯಿಪಾಠ ಮಾಡಿ ಬಿಡುತ್ತಾರೆ. ನಮಗೆ ಒಂದು ಅನುಕೂಲ ಇತ್ತು. ಅದೆಲ್ಲ ನಮ್ಮ ಬಸ್ಸಿನ ದಾರಿಯಲ್ಲೇ ನಡೆದದ್ದು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದರು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕ್. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಇವುಗಳಲ್ಲಿ ಕೆನರಾ, ಸಿಂಡಿಕೇಟ್ 1969ರಲ್ಲಿ ರಾಷ್ಟ್ರೀಕರಣ ಆದವು, ಕಾರ್ಪೊರೇಷನ್, ವಿಜಯಾ 1980ರಲ್ಲಿ, ಕರ್ಣಾಟಕ ಬ್ಯಾಂಕ್ ಖಾಸಗಿಯಾಗಿ ಉಳಿಯಿತು. ಒಂದು ದಿನ ಕ್ಲಾಸಿಗೆ ಚಕ್ಕರ್ ಹಾಕಿ ಹಾಜಿ ಅಬ್ದುಲ್ಲಾ ಸಾಹೇಬರ ಹಳೇ ಮನೆಯಲ್ಲಿರುವ ನಾಣ್ಯಗಳ ಮ್ಯೂಸಿಯಂ ನೋಡಲು ಹೋದೆವು. ಐದು ಬ್ಯಾಂಕ್ ಹುಟ್ಟಿದ ಜಾಗ ಇದು ಎಂದು ಗೆಳತಿಗೆ ಕೊಚ್ಚಿಕೊಂಡದ್ದು ನೆನಪಿದೆ. 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ನನ್ನ ನೋಟ್ಸಿನ ಅರ್ಧ ಆವತ್ತೇ ಹಳೆಯದಾಯ್ತು.

ಟ್ರಂಕಿನ ಪಿಗ್ಮಿ ಪುಸ್ತಕಗಳೂ ಸಿಂಡಿಕೇಟಿನವೇ. 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಶುರುವಾದ ಯೋಜನೆ ಅದು. ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ದುಡ್ಡು ಒಯ್ಯುವುದು. ನಮ್ಮ ಅಂಗಡಿಗೆ ಸಂಜೆ ಆರೂವರೆಗೆ ಒಬ್ಬರು ಬರುತ್ತಿದ್ದರು, ಕೈಯಲ್ಲಿ ರೆಕ್ಸಿನ್ ಚೀಲ. ಅಪ್ಪ ಗಲ್ಲಾದಿಂದ ಐವತ್ತು ತೆಗೆದು ಕೊಡುವರು, ಅವರು ಬರೆದು ಸಹಿ ಹಾಕುವರು, ಒಂದು ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡು ಮುಂದಿನ ಅಂಗಡಿಗೆ. ಬಡ್ಡಿ ತುಂಬಾ ಕಡಿಮೆ. ಮಧ್ಯದಲ್ಲಿ ಮುರಿದರೆ ಅದೂ ಇಲ್ಲ. ಲೆಕ್ಕದ ಪ್ರಕಾರ ಪಿಗ್ಮಿ ದಡ್ಡತನ. ಆದರೆ ನನ್ನ ಎರಡನೇ ವರ್ಷದ ಫೀಸು, ಅಣ್ಣನ ಬೈಕಿನ ಮುಂಗಡ ಎರಡೂ ಪಿಗ್ಮಿ ಮುರಿದೇ ಕಟ್ಟಿದ್ದು.

ಎಂ.ಕಾಂ. ಸೇರಿದ್ದು 2016ರಲ್ಲಿ. ನವೆಂಬರ್ 8ರ ರಾತ್ರಿ ನೋಟು ರದ್ದಾಯಿತು. ಆ ಸೆಮಿಸ್ಟರಿನ ಪ್ರಾಜೆಕ್ಟ್‌ಗೆ ಒಂದು ಬ್ಯಾಂಕ್ ಶಾಖೆಗೆ ಹೋಗಬೇಕಿತ್ತು. ಪ್ರಶ್ನಾವಳಿ ಹಿಡಿದು ಹೋದವಳನ್ನು ಮ್ಯಾನೇಜರ್ ಮೇಡಂ ಫಾರಂ ತುಂಬಿಸಲು ಕೂರಿಸಿದರು. ಇಡೀ ದಿನ ಮುದುಕರಿಗೆ ಗುರುತಿನ ಚೀಟಿಯ ನಂಬರ್ ಬರೆದುಕೊಟ್ಟೆ. ಪ್ರಾಜೆಕ್ಟ್ ಅರ್ಧಕ್ಕೇ ನಿಂತಿತು. ಕ್ಯಾಷಿಯರ್ ಕೌಂಟರಿನ ಈಚೆ ನಿಂತವರ ಮುಖ ಹೇಗಿರುತ್ತದೆ ಎಂದು ಗೊತ್ತಾಗಿದ್ದು ಆವತ್ತೇ.

ಈಗ ನಾನು ಒಂದು ಬ್ಯಾಂಕಿನ ಸಾಲ ವಿಭಾಗದಲ್ಲಿದ್ದೇನೆ. 2024ರ ಅಕ್ಟೋಬರ್ 1ರಿಂದ ಮನೆ, ಬೈಕ್ ಥರದ ಪ್ರತಿ ಹೊಸ ರೀಟೇಲ್ ಅವಧಿ ಸಾಲಕ್ಕೂ ಮುಖ್ಯ ಮಾಹಿತಿಯ ಒಂದು ಹಾಳೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮ. ಶುಲ್ಕವೆಲ್ಲ ಸೇರಿದ ವಾರ್ಷಿಕ ದರ ಅದರಲ್ಲಿ ಇರಲೇಬೇಕು, ಅದೂ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ. ಅಣ್ಣನಿಗೆ ಆಗ ಅಂಥದ್ದೊಂದು ಹಾಳೆ ಸಿಕ್ಕಿದ್ದರೆ ನನ್ನ ನಿದ್ದೆ ಉಳಿಯುತ್ತಿತ್ತು. ಹೆಚ್ಚಿನವರು ಅದನ್ನು ಓದದೆ ಸಹಿ ಹಾಕುತ್ತಾರೆ. ನಾನು ಆ ಸಾಲಿಗೆ ಪೆನ್ನಿನಿಂದ ಗೆರೆ ಎಳೆದು ಕೊಡುತ್ತೇನೆ. ಸಾಹೇಬರಿಗೆ ಇಷ್ಟವಿಲ್ಲ, ಆದರೂ ಬೇಡ ಅಂದಿಲ್ಲ.

ಟ್ರಂಕು ಇನ್ನೂ ಅಟ್ಟದ ಮೇಲಿದೆ. ಈಗ ಬೇರೆಯವರ ಕಾಗದ ಬರುತ್ತದೆ, ಜಾಸ್ತಿ ಭಾನುವಾರ. ಹೋದ ತಿಂಗಳು ಚಿಕ್ಕಮ್ಮನ ಮಗ ಹೊಸ ವಿಮಾ ಪಾಲಿಸಿ ತಂದ. ವರ್ಷಕ್ಕೆ ಒಂದು ಲಕ್ಷ ಕಟ್ಟಬೇಕು. ಅವನ ಸಂಬಳ ತಿಂಗಳಿಗೆ 24,000. ಒಂದೇ ಸಲ ಕಟ್ಟಿದರೆ ಸಾಕು ಎಂದು ಹೇಳಿ ಮಾರಿದ್ದರಂತೆ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡ ಎಂದು ವಾಪಸ್ ಕೊಡಬಹುದು. ಸ್ಟಾಂಪ್ ಖರ್ಚು, ವೈದ್ಯಕೀಯ ತಪಾಸಣೆ ಮಾಡಿಸಿದ್ದರೆ ಅದರ ಖರ್ಚು, ಅಷ್ಟು ದಿನದ ರಿಸ್ಕಿನ ಪ್ರೀಮಿಯಂ ಮುರಿದು ಉಳಿದದ್ದು ಕೊಡುತ್ತಾರೆ. ಕೊರಿಯರ್ ಕವರ್ ಇದೆಯಾ ಎಂದೆ. ಅಡುಗೆಮನೆಯಲ್ಲಿ ಚಪಾತಿ ಡಬ್ಬಿಯ ಕೆಳಗೆ ಹಾಸಿದ್ದ ಕವರನ್ನು ಫೋಟೊ ತೆಗೆದು ಕಳಿಸಿದಳು ಚಿಕ್ಕಮ್ಮ. ತಾರೀಕು ಎಣಿಸಿದೆ. ಇಪ್ಪತ್ತೇಳನೇ ದಿನ. ಅಲ್ಲೇ ಕೂತು ಅರ್ಜಿ ಬರೆಸಿದೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವರ ಆಫೀಸಿನ ಬಾಗಿಲು ತೆರೆಯುವ ಹೊತ್ತಿಗೆ ಹುಡುಗ ಅಲ್ಲಿದ್ದ. ಸೀಲು ಹಾಕಿದ ಪ್ರತಿ ಇಲ್ಲದೆ ಬರಬೇಡ ಎಂದಿದ್ದೆ. ಹನ್ನೊಂದೂವರೆಗೆ ಫೋನ್ ಬಂತು, "ಅಕ್ಕಾ, ಸೀಲು ಹಾಕಿದ್ರು. ತಾರೀಕು ಸರಿಯಾಗಿ ಕಾಣ್ತಿಲ್ಲ, ಇನ್ನೊಂದು ಸಲ ಹಾಕ್ಸ್ಲಾ?"

ಹಾಕಿಸು ಎಂದೆ.