ಅಪ್ಪನ ಬದುಕನ್ನು ಬರೆದಿಟ್ಟ ಬಗೆ

ಅಪ್ಪನ ಬೊಜ್ಜಕ್ಕೆ (ಉತ್ತರಕ್ರಿಯೆಗೆ) ಬಂದವರೆಲ್ಲ ಹೇಳಿದ್ದು ಒಂದೇ ಮಾತು, "ತುಂಬಾ ಒಳ್ಳೆಯ ಜನ." ನಿಜವೇ. ಆದರೆ ಅಜ್ಜನ ಮುಖವೇ ಸರಿಯಾಗಿ ನೆನಪಿರದ ನನ್ನ ಮಗಳಿಗೆ ಅಷ್ಟು ಸಾಕಾಗುವುದಿಲ್ಲ ಅಲ್ವಾ? ವರ್ಷಾಂತದ, ಅಂದರೆ ತೀರಿಹೋಗಿ ವರ್ಷ ತುಂಬುವಾಗಿನ ತಿಥಿಯ, ಒಳಗೆ ಒಂದು ಸಣ್ಣ ಪುಸ್ತಕ ಮಾಡಲೇಬೇಕು ಎಂದುಕೊಂಡೆ.

ಮೊದಲ ಕಷ್ಟ ಇಸವಿಯದ್ದು. ನಮ್ಮ ಬದಿಯಡ್ಕದ ಕಡೆಯ ಹಳಬರಿಗೆ "ಯಾವ ವರ್ಷ" ಎಂದರೆ ಏನೂ ನೆನಪಾಗುವುದಿಲ್ಲ. "ಕಾಸರಗೋಡು ಕೇರಳಕ್ಕೆ ಸೇರುವಾಗ ಅಪ್ಪ ಶಾಲೆಗೆ ಹೋಗ್ತಿದ್ರಾ?" ಎಂದು ಕೇಳಿದೆ. "ಎರಡನೇ ಕ್ಲಾಸು" ಎಂದರು ದೊಡ್ಡತ್ತೆ ತಟ್ಟನೆ. ಅಂದರೆ 1956ರ ನವೆಂಬರ್. ತೋಟದ ಸುರಂಗ (ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆಯುವ ಬಾವಿ) ತೋಡಿದ್ದು ಕಾಸರಗೋಡು ಜಿಲ್ಲೆ ಆಗುವ ಮೊದಲಂತೆ, ಅಂದರೆ 1984ಕ್ಕಿಂತ ಹಿಂದೆ. ಹೀಗೆ ಒಂದೊಂದೇ ಜೋಡಿಸಿದೆ.

ಜಗಲಿಯಲ್ಲಿ ಕೂರಿಸಿ ಕೇಳಿದರೆ ಎಲ್ಲರೂ ಹೊಗಳುತ್ತಾರೆ. ಕೆಲಸ ಮಾಡಿದ ಜಾಗಕ್ಕೆ ಕರೆದುಕೊಂಡು ಹೋದರೆ ಕಥೆ ಹೇಳುತ್ತಾರೆ. ಅಪ್ಪನ ಜೊತೆ ಸುರಂಗ ತೋಡಿದ ಹಿರಿಯರೊಬ್ಬರಿದ್ದಾರೆ. ಅಪ್ಪನನ್ನು "ಅಣ್ಣೇರ್" ಎಂದೇ ಕರೆಯುತ್ತಿದ್ದವರು. ಅವರನ್ನು ಗುಡ್ಡದ ಬುಡಕ್ಕೆ ಕರೆದುಕೊಂಡು ಹೋಗಿ ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿದೆ. ಸುರಂಗದೊಳಗೆ ನಾಲ್ಕು ಹೆಜ್ಜೆ ಬಗ್ಗಿ ನಡೆದು, ಮುರಕಲ್ಲಿನ ಗೋಡೆ ಸವರಿದರು. "ಇದು ಅಣ್ಣೇರ್ ಕಡಿದದ್ದು. ಅವರದ್ದು ಎಡಗೈ ಅಲ್ವಾ, ಏಟು ಈ ಕಡೆ ವಾಲಿದೆ ನೋಡು." ಪಿಕ್ಕಾಸಿನ ಗುರುತು ಈಗಲೂ ಹಾಗೇ ಇದೆ. ಒಬ್ಬರು ಕಡಿಯುವುದು, ಒಬ್ಬರು ಬುಟ್ಟಿಯಲ್ಲಿ ಮಣ್ಣು ಹೊರುವುದು. ಒಳಗೆ ದೀಪ ಮಂಕಾದರೆ ಗಾಳಿ ಸಾಲದು ಎಂದು ಇಬ್ಬರೂ ಹೊರಗೆ ಬರುವುದು. ನೀರು ಒಸರಿದ ದಿನ ಅಪ್ಪ ಏನೂ ಹೇಳದೆ ಮನೆಗೆ ಹೋಗಿ, ಒದ್ದೆ ಮಣ್ಣನ್ನು ಅಮ್ಮನ ಅಂಗೈಗೆ ಹಾಕಿದರಂತೆ. ಅಮ್ಮ ಇದನ್ನು ನಮಗೆ ಯಾರಿಗೂ ಹೇಳಿರಲಿಲ್ಲ. ಕೇಳಿದಾಗ, "ಸೀರೆ ಎಲ್ಲ ಕೆಸರಾಗಿತ್ತು" ಎಂದು ನಕ್ಕರು.

ಆ ಹಿರಿಯರ ತುಳುವನ್ನು ತುಳುವಿನಲ್ಲೇ ಬರೆದು ಕೆಳಗೆ ಕನ್ನಡ ಕೊಟ್ಟೆ. ನೆರೆಮನೆಯವರ ಮಲಯಾಳಕ್ಕೂ ಹಾಗೇ ಮಾಡಿದೆ. ಅಪ್ಪ ಬದುಕಿದ್ದೇ ಇಷ್ಟೂ ಭಾಷೆಗಳ ನಡುವೆ.

ಫೋಟೋ ಕೆಲಸ ಬೇಗ ಮುಗಿಯಿತು. ಕಿಟಕಿಯ ಬೆಳಕಿಗೆ ಇಟ್ಟು ಫ್ಲ್ಯಾಶ್ ಇಲ್ಲದೆ ತೆಗೆದೆ. ಹಿಂಬದಿಯಲ್ಲಿ ಹೆಸರುಗಳನ್ನು ಪೆನ್ಸಿಲಿನಲ್ಲಿ ಮೆಲ್ಲಗೆ ಬರೆಯಿರಿ. ಪೆನ್ನಿನ ಶಾಯಿ ಚಿತ್ರಕ್ಕೆ ಇಳಿಯಬಹುದು.

ಒಂದು ವಿಷಯಕ್ಕೆ ತುಂಬಾ ಯೋಚಿಸಿದೆ. ಪಾಲಿನ ವಿಚಾರದಲ್ಲಿ ಅಪ್ಪ, ಚಿಕ್ಕಪ್ಪ ಮಾತು ಬಿಟ್ಟಿದ್ದರು. ಅದನ್ನು ಬರೆಯುವುದಾ, ಬೇಡವಾ? ಚಿಕ್ಕಪ್ಪನನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಬರಿ. ಮತ್ತೆ ನಾನೇ ಬಂದು ಉಂಡದ್ದನ್ನೂ ಬರಿ" ಎಂದರು. ಎರಡನ್ನೂ ಬರೆದೆ. ಛಾಪಿಸುವ ಮೊದಲು ಆ ಪುಟವನ್ನು ಅವರಿಗೆ ಓದಿ ಹೇಳಿದೆ.

ವರ್ಷಾಂತಕ್ಕೆ ಬಂದವರಿಗೆಲ್ಲ ಪುಸ್ತಕ ಕೊಟ್ಟೆವು. ಕೊನೆಯ ಕೆಲವು ಪುಟ ಖಾಲಿ ಬಿಟ್ಟಿದ್ದೆ. ಊಟದ ನಂತರ ಅಪ್ಪನ ಶಾಲೆಯ ಗೆಳೆಯರೊಬ್ಬರು ಪೆನ್ನು ಕೇಳಿ ಪಡೆದು, ಅಲ್ಲೇ ಕೂತು ಎರಡು ಪುಟ ತುಂಬಿಸಿದರು.